ಅಲಾವೆತೆಲಿ: ದಾರಿ ತಪ್ಪಿದ ಉತ್ತರಗಳನ್ನು ಕಾಯುವ ‘ಹೋಲ್ಡಿಂಗ್ ಪೆನ್’

ಮಾಹಿತಿ ಹಕ್ಕು ಅರ್ಜಿಯನ್ನು ಇಮೇಲಿನಲ್ಲಿ ಕಚೇರಿಗೆ ಕಳಿಸಿ, ಬಂದ ಉತ್ತರವನ್ನು ಎಲ್ಲರಿಗೂ ಕಾಣುವ ಪುಟಕ್ಕೆ ಹಾಕುವ ಈ ತಂತ್ರಾಂಶದಲ್ಲಿ ಪ್ರತಿ ಅರ್ಜಿಗೂ ಬೇರೆಯೇ ಇಮೇಲ್ ವಿಳಾಸ: ಅರ್ಜಿಯ ಸಂಖ್ಯೆ, ಅದರ ಬೆನ್ನಿಗೆ 8 ಅಕ್ಷರ-ಅಂಕಿಗಳ ಗುರುತು. ಕಚೇರಿಯಲ್ಲಿ ಅರ್ಜಿಯ ಪ್ರಿಂಟ್ ಫೈಲಿಗೆ ಸೇರಿರುತ್ತದೆ. ಉತ್ತರಿಸುವವರು ಅದನ್ನು ನೋಡಿ ವಿಳಾಸ ಟೈಪ್ ಮಾಡುತ್ತಾರೆ. ಸೊನ್ನೆಯ ಜಾಗದಲ್ಲಿ ‘ಓ’, ಒಂದರ ಜಾಗದಲ್ಲಿ ‘ಎಲ್’ ಬೀಳುತ್ತದೆ. ಗುರುತಿನಲ್ಲಿರುವುದು ಅಂಕಿಗಳು ಮತ್ತು ಎ-ಯಿಂದ ಎಫ್‌ವರೆಗಿನ ಅಕ್ಷರಗಳು ಮಾತ್ರ. ಹಾಗಾಗಿ ‘ಓ’ವನ್ನು ಸೊನ್ನೆಯೆಂದೂ ‘ಎಲ್’ ಅನ್ನು ಒಂದೆಂದೂ ತಂತ್ರಾಂಶ ತಾನೇ ಓದಿಕೊಂಡು, ಪತ್ರವನ್ನು ಸರಿಯಾದ ಪುಟಕ್ಕೆ ಮುಟ್ಟಿಸುತ್ತದೆ. ಗುಮಾಸ್ತರ ಕೈ ಹೇಗೆ ತಪ್ಪುತ್ತದೆಂದು ಬಲ್ಲವರು ಕಟ್ಟಿದ್ದಿದು. ಬಹಳ ಮೆಚ್ಚುಗೆಯಾಗುವುದು ಇದೇ.

ಅಷ್ಟಾದರೂ ಯಾವ ಅರ್ಜಿಯದೆಂದು ತಿಳಿಯದ ಪತ್ರ ಹೋಲ್ಡಿಂಗ್ ಪೆನ್‌ಗೆ ಬೀಳುತ್ತದೆ, ಬೀಡಾಡಿ ದನ ದೊಡ್ಡಿಗೆ ಬಿದ್ದಂತೆ. ಬೆಳಿಗ್ಗೆ ಅಡ್ಮಿನ್ ಪುಟದಲ್ಲಿ ಮೊದಲು ತೆರೆಯಬೇಕಾದ್ದು ಇದನ್ನೇ. ಸಂಖ್ಯೆ, ಗುರುತು ಎರಡರಲ್ಲಿ ಒಂದು ಸರಿಯಿದ್ದರೂ ಯಾವ ಅರ್ಜಿಯೆಂಬ ಊಹೆ ಜೊತೆಗೇ ಬರುತ್ತದೆ. ಊಹೆ ಕಂಡೊಡನೆ ಒಪ್ಪಿ ಗುಂಡಿ ಒತ್ತಬೇಡಿ. ಮೂಲ ಇಮೇಲ್ ತೆರೆದು ‘ಟು’, ‘ಸಿಸಿ’ ಸಾಲು ನೋಡಿ. ಸ್ಕ್ಯಾನ್ ಪ್ರತಿಯಲ್ಲಿರುವ ಅರ್ಜಿದಾರರ ಹೆಸರು, ಅರ್ಜಿಯ ದಿನಾಂಕ ತಾಳೆ ಹಾಕಿ. ಅರ್ಜಿಗೆ ಸೇರಿಸಿದ ಕೂಡಲೇ ಪತ್ರ ಎಲ್ಲರಿಗೂ ಕಾಣುತ್ತದೆ. ಒಬ್ಬರ ಮನೆವಿಳಾಸ ಇನ್ನೊಬ್ಬರ ಪುಟದಲ್ಲಿ ಬಿದ್ದರೆ ಪತ್ರವನ್ನು ಆಮೇಲೆ ಸರಿಸಬಹುದು, ಓದಿದವರ ನೆನಪನ್ನಲ್ಲ.

ಕಾಸರಗೋಡಿನಲ್ಲಿ ಬೇಸರ ತರುವುದು ವಿಷಯದ ಸಾಲು ನೋಡಿ ಊಹಿಸುವ ಸೌಕರ್ಯ. ಕನ್ನಡದ ಅರ್ಜಿಗೆ ಮಲಯಾಳದ ಹೊಸ ತಲೆಬರಹ, ಫೈಲ್ ನಂಬರ್ ಹೊತ್ತ ಉತ್ತರ ಬಂದರೆ ತಾಳೆಯಾಗುವ ಒಂದು ಪದವೂ ಇರದು. ಕಚೇರಿಯ ಫೈಲ್ ನಂಬರನ್ನು ಅರ್ಜಿ ಸಂಖ್ಯೆಯ ಎದುರು ಬರೆದಿಡುವುದೊಂದೇ ದಾರಿ. ತಂತ್ರಾಂಶ ಉಚಿತ. ಸರ್ವರ್ ಬಾಡಿಗೆಗಿಂತ ದುಬಾರಿಯಾದದ್ದು ಕನ್ನಡ, ಮಲಯಾಳ, ಇಂಗ್ಲಿಷ್ ಮೂರನ್ನೂ ಓದಬಲ್ಲವರ ಸಮಯ.

ಹಳೆಯ ಅರ್ಜಿಗಳಲ್ಲಿ ಇನ್ನೊಂದು ತೊಡಕು. ಸಂಬಂಧಪಟ್ಟ ಕಚೇರಿಗೆ ಮಾತ್ರ ಉತ್ತರಿಸಲು ಬಿಟ್ಟಿದ್ದರೆ, ಮಾಹಿತಿ ಹಕ್ಕು ಕಾಯಿದೆಯ ಕಲಂ 6(3)ರಂತೆ ಅರ್ಜಿ ವರ್ಗವಾಗಿ ಹೋದ ಕಚೇರಿಯ ಪತ್ರ ತಿರಸ್ಕೃತವಾಗಬಹುದು. ಅಂಥ ಅರ್ಜಿಯಲ್ಲಿ ತಿರಸ್ಕೃತ ಪತ್ರ ‘ಬೌನ್ಸ್’ ಆಗಿ ಕಳಿಸಿದವರಿಗೇ ಮರಳದೆ ಹೋಲ್ಡಿಂಗ್ ಪೆನ್‌ಗೆ ಹೋಗುವಂತೆ ಬದಲಿಸಿಡಿ. ಮೊದಲ ಮೇಲ್ಮನವಿಗಿರುವುದು 30 ದಿನ. ಪತ್ರ ಪೆನ್‌ನಲ್ಲೇ ಉಳಿದಿದ್ದು, ಇಮೇಲ್ ಬಂದ ದಿನದಿಂದಲೇ ಲೆಕ್ಕವೆಂದು ಕಚೇರಿ ವಾದಿಸಿದರೆ ನಷ್ಟ ಅರ್ಜಿದಾರರಿಗೆ.

ಹೋಲ್ಡಿಂಗ್ ಪೆನ್‌ಗೆ ಕಸದ ಇಮೇಲ್ ಬಂದರೆ, ಸ್ಪ್ಯಾಮ್ ಪಟ್ಟಿಗೆ ಹಾಕುವುದು ಕಳಿಸಿದವರ ವಿಳಾಸವನ್ನಲ್ಲ, ಪತ್ರ ಬಂದು ತಲುಪಿದ ವಿಳಾಸವನ್ನು. ಚಾಲ್ತಿಯಲ್ಲಿರುವ ಅರ್ಜಿಯ ವಿಳಾಸ ಅದರಲ್ಲಿ ಸೇರಿಹೋದರೆ ಕಚೇರಿಯ ಉತ್ತರವೂ ಒಳಗೆ ಬಾರದೆ ಹೋಗಬಹುದು.