ತಟ್ಟೆಯ ಬೆನ್ನಿನ ಮುದ್ರೆ: ಮೊಬೈಲೋ, ಮುದ್ರಾಕೋಶವೋ, ಬೆರಳೋ?

1865 ಎಂದು ಅಚ್ಚೊತ್ತಿದ ಹಂಚು ಹಿಡಿದು, ‘ಅಷ್ಟು ಹಳೆಯದು, ಇಸವಿಯೇ ಉಂಟಲ್ಲ’ ಎನ್ನುವ ಗುಜರಿ ವ್ಯಾಪಾರಿಗಳು ಮಂಗಳೂರಿನಲ್ಲಿ ಕಡಿಮೆಯಿಲ್ಲ. ಅದು ಬಾಸೆಲ್ ಮಿಷನ್ನಿನವರು ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದ ವರ್ಷ. ಕೈಯಲ್ಲಿರುವ ಹಂಚು ಬೆಂದ ವರ್ಷವಲ್ಲ. ಅಲ್ಬುಕರ್ಕ್ ಕಂಪೆನಿಯ ಹಂಚಿನ ಮೇಲಿನ 1868 ಕೂಡ ಹಾಗೆಯೇ. ಮೊದಲ ಮಹಾಯುದ್ಧದ ನಂತರ ಮಿಷನ್ನಿನ ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಕಂಪೆನಿಯ ಪಾಲಾದವು. ಆ ಹೆಸರಿರುವ ಹಂಚು, ಅದರ ಮೇಲೆ ಇನ್ನೇನೇ ಬರೆದಿರಲಿ, 20ನೇ ಶತಮಾನದ್ದು. ಮುದ್ರೆಯಲ್ಲಿ ಇಸವಿಗಿಂತ ಹೆಸರನ್ನು ಹೆಚ್ಚು ನಂಬಬೇಕು ಎನ್ನುವುದು ನನ್ನ ಲೆಕ್ಕ. ಉಡುಪಿಯ ಹಳೆಯ ಮನೆಯ ಅಟ್ಟದಿಂದ ಇಳಿಸಿದ ಪಿಂಗಾಣಿ ತಟ್ಟೆ, ಬಸಿ, ಭರಣಿಗಳ ಮೇಲೆ, ತಯಾರಕರ ಹೆಸರು, ಕಾಲ ತಿಳಿಯುವ ಬೇರೆ ಬೇರೆ ವಿಧಾನಗಳನ್ನು ಪ್ರಯೋಗಿಸಿದ ಮೇಲೆ ಈ ಲೆಕ್ಕ ಇನ್ನಷ್ಟು ಗಟ್ಟಿಯಾಗಿದೆ.

ಮೊಬೈಲಿನ ಚಿತ್ರಶೋಧ ಎಲ್ಲಕ್ಕಿಂತ ವೇಗ. ತಟ್ಟೆ ಕವುಚಿ ಹಾಕಿ ಚಿತ್ರ ತೆಗೆದರೆ ಸಾಕು, ಸ್ಫಿಂಕ್ಸ್ ಇರುವ ಮುದ್ರೆ ಹಾಲೆಂಡಿನ ಮಾಸ್ಟ್ರಿಕ್ಟ್ ನಗರದ ಪೆಟ್ರಸ್ ರೆಗೌಟ್ ಕಾರ್ಖಾನೆಯದು ಎಂದು ಸರಿಯಾಗಿಯೇ ಹೇಳಿತು. ಆದರೆ ಕಾಲ ಕೇಳಿದರೆ ಅದು ಕೊಂಡೊಯ್ಯುವುದು ಮಾರಾಟದ ಜಾಹೀರಾತುಗಳಿಗೆ. ಅಲ್ಲಿ ಪ್ರತಿಯೊಂದೂ ‘ವಿಕ್ಟೋರಿಯಾ ಕಾಲದ್ದು’. ಮಾರುವವನಿಗೆ ಹಳೆಯದಾದಷ್ಟೂ ಲಾಭ ತಾನೇ! ಅಡ್ಡಡ್ಡ ಇಟ್ಟ ಎರಡು ಕತ್ತಿಗಳ ಗುರುತು ಕಂಡರಂತೂ ಎಲ್ಲವೂ ಜರ್ಮನಿಯ ಮೈಸೆನ್ ಪಿಂಗಾಣಿ ಕಾರ್ಖಾನೆಯದೇ. ಆ ಕತ್ತಿಗಳನ್ನು ನಕಲು ಮಾಡಿದ ಕಾರ್ಖಾನೆಗಳೆಷ್ಟೋ.

ತಯಾರಕರ ಮುದ್ರೆಗಳನ್ನು ಪಟ್ಟಿ ಮಾಡಿದ ದಪ್ಪನೆಯ ಪುಸ್ತಕ, ಮುದ್ರಾಕೋಶ, ನಿಧಾನ. ಅಳಿಸಿದ ಅಕ್ಷರಗಳನ್ನು ಭೂತಗನ್ನಡಿಯಲ್ಲಿ ಓದಿ ಸೂಚಿಯಲ್ಲಿ ಹುಡುಕಬೇಕು. ಬ್ರಿಟಿಷ್ ಮುದ್ರೆಗಳ ಕೋಶದಲ್ಲಿ ಡಚ್ ತಟ್ಟೆ ಸಿಗುವುದಿಲ್ಲ. ಆದರೂ ಕಂಪೆನಿಯ ಹೆಸರು ಯಾವಾಗ ಬದಲಾಯಿತು ಎಂಬುದನ್ನು ಕೋಶವೇ ಹೇಳಬೇಕು. ಮಾಸ್ಟ್ರಿಕ್ಟ್ ಕಾರ್ಖಾನೆಯ ಒಡೆಯ ರೆಗೌಟ್ 1878ರಲ್ಲಿ ತೀರಿಕೊಂಡ. 1899ರಲ್ಲಿ ಕಂಪೆನಿ ‘ಡೆ ಸ್ಫಿಂಕ್ಸ್’ ಆಯಿತು. ಹಾಗಿದ್ದೂ ಆತನ ಹೆಸರು ತಟ್ಟೆಗಳ ಬೆನ್ನಿನ ಮೇಲೆ ಮುಂದುವರಿಯಿತು. ಮೊಬೈಲ್ ಹೆಸರು ಹೇಳಿ ನಿಲ್ಲುತ್ತದೆ, ಕೋಶ ಆ ಹೆಸರಿನ ಆಯಸ್ಸನ್ನೂ ಕೊಡುತ್ತದೆ.

ಇನ್ನು ದೇಶದ ಹೆಸರಿನ ಸೂತ್ರ. ಅಮೆರಿಕದ 1890ರ ಸುಂಕದ ಕಾಯ್ದೆಯಂತೆ ಮರುವರ್ಷದಿಂದ ಅಲ್ಲಿಗೆ ಹೋಗುವ ಸರಕಿನ ಮೇಲೆ ಅದು ತಯಾರಾದ ದೇಶದ ಹೆಸರು ಕಡ್ಡಾಯವಾಯಿತು. ಹಾಗಾಗಿ ‘ಇಂಗ್ಲೆಂಡ್’ ಇದ್ದರೆ ಸಾಮಾನ್ಯವಾಗಿ 1891ರ ನಂತರದ್ದು, ‘ಮೇಡ್ ಇನ್ ಇಂಗ್ಲೆಂಡ್’ ಇದ್ದರೆ ಹೆಚ್ಚಾಗಿ 20ನೇ ಶತಮಾನದ್ದು. ‘ನಿಪ್ಪಾನ್’ ಎಂದಿದ್ದರೆ 1891ರಿಂದ 1921ರ ನಡುವಿನ ಜಪಾನಿ ಸರಕು. ಬಾಯಿಪಾಠ ಮಾಡಿಕೊಳ್ಳಲು ಸುಲಭವಾದ ಈ ಸೂತ್ರವನ್ನು ತಿರುಗಿಸಿ ಹೇಳುವವರೊಡನೆ ಮಾತ್ರ ನನಗೆ ಜಗಳ. ದೇಶದ ಹೆಸರಿಲ್ಲ, ಆದ್ದರಿಂದ 1891ಕ್ಕಿಂತ ಹಿಂದಿನದು ಎನ್ನುತ್ತಾರೆ. ಕಾಯ್ದೆ ಇದ್ದದ್ದು ನ್ಯೂಯಾರ್ಕಿಗೆ ಹೋಗುವ ಹಡಗಿಗೆ. ನಮ್ಮ ಬಂದರಿಗೆ ಬರುವ ತಟ್ಟೆಗೆ ಅಮೆರಿಕದ ಸುಂಕದವರ ಹೆದರಿಕೆ ಏಕೆ?

ನನ್ನ ಮೆಚ್ಚಿನದು ವಜ್ರಾಕೃತಿಯ ನೋಂದಣಿ ಗುರುತು. ಬ್ರಿಟನ್ನಿನಲ್ಲಿ 1842ರಿಂದ 1883ರವರೆಗೆ ವಿನ್ಯಾಸವನ್ನು ನೋಂದಾಯಿಸಿದವರು ಇದನ್ನು ಒತ್ತುತ್ತಿದ್ದರು. ನೆತ್ತಿಯ ಮೇಲಿನ ವೃತ್ತದಲ್ಲಿ ರೋಮನ್ ನಾಲ್ಕು ಇದ್ದರೆ ಮಣ್ಣಿನ ಸಾಮಾನು. ಮೂಲೆಗಳ ಅಕ್ಷರ, ಅಂಕಿಗಳಲ್ಲಿ ದಿನ, ತಿಂಗಳು, ವರ್ಷ ಅಡಗಿವೆ. ವರ್ಷದ ಅಕ್ಷರಗಳು ವರ್ಣಮಾಲೆಯ ಕ್ರಮದಲ್ಲಿಲ್ಲ: ಎಕ್ಸ್, ಎಚ್, ಸಿ, ಎ ಎಂದು ಶುರುವಾಗುತ್ತವೆ. ಅದೇ ಸಾಲು ಎರಡು ಸಲ ಬಂದಿದೆ. 1867ರವರೆಗೆ ವರ್ಷ ಮೇಲಿನ ಮೂಲೆಯಲ್ಲಿ, 1868ರಿಂದ ಬಲಮೂಲೆಯಲ್ಲಿ. ಎಂದರೆ ಮೇಲಿನ ಎಕ್ಸ್ 1842, ಬಲಗಡೆಯ ಎಕ್ಸ್ 1868. ಮೊಬೈಲಿಗೆ ಈ ವ್ಯತ್ಯಾಸ ತಲೆಗೆ ಹೋಗಲಿಲ್ಲ. ಅಚ್ಚು ಮಸುಕಾಗಿದ್ದರಂತೂ ಅದನ್ನು ಬರಿಯ ಅಲಂಕಾರವೆಂದುಕೊಂಡಿತು. ಪಟ್ಟಿ ಮುಂದಿಟ್ಟುಕೊಂಡು ಓರೆಬೆಳಕಿನಲ್ಲಿ ನೋಡಿದರೆ ಮನುಷ್ಯರಿಗೇ ಚೆನ್ನಾಗಿ ಓದಲು ಬರುತ್ತದೆ. ಸಿಗುವುದು ವಿನ್ಯಾಸ ನೋಂದಣಿಯಾದ ದಿನ. ತಟ್ಟೆ ಅದಕ್ಕಿಂತ ಹಳೆಯದಾಗಿರಲಾರದು, ಹೊಸದಾಗಿರಬಹುದು. 1884ರಿಂದ ವಜ್ರ ಹೋಗಿ ಒಂದರಿಂದ ಶುರುವಾದ ಕ್ರಮಸಂಖ್ಯೆ ಬಂತು. 1900ರ ಹೊತ್ತಿಗೆ ಅದು 3.5 ಲಕ್ಷ ದಾಟಿತ್ತು.

ತಯಾರಾದ ವರ್ಷವನ್ನೇ ಹೇಳುವ ಗುರುತುಗಳೂ ಇವೆ. ಇಂಗ್ಲೆಂಡಿನ ರಾಯಲ್ ಡೌಲ್ಟನ್ ಕಾರ್ಖಾನೆ 1928ರಿಂದ ತನ್ನ ಮುದ್ರೆಯ ಸಿಂಹ, ಕಿರೀಟಗಳ ಪಕ್ಕ ಪುಟ್ಟ ಅಂಕಿ ಹಾಕತೊಡಗಿತು. ಅದನ್ನು 1927ಕ್ಕೆ ಕೂಡಿಸಬೇಕು: 11 ಇದ್ದರೆ 1938. ಎಲ್ಲ ಕಾರ್ಖಾನೆಗಳೂ ಇಷ್ಟು ಮರ್ಯಾದೆ ತೋರಿಸಿದ್ದರೆ ಕೋಶದ ಗೋಜೇ ಇರುತ್ತಿರಲಿಲ್ಲ.

ಕೊನೆಯದು ಬೆರಳು. ಮುದ್ರೆಯ ಮೇಲೆ ಉಗುರು ಎಳೆದಾಗ ಅಂಚು ತಡೆದರೆ ಅದು ಮೆರುಗಿನ (ಗ್ಲೇಜ್) ಮೇಲೆ ಆಮೇಲೆ ಹಚ್ಚಿದ್ದಿರಬಹುದು, ಅನುಮಾನಿಸಬೇಕು. ತಳದ ಮೆರುಗಿಲ್ಲದ ಉಂಗುರದಲ್ಲಿ ಸವೆತ ಒಂದೇ ಸಮವಾಗಿದ್ದರೆ ಉಜ್ಜುಕಾಗದದ ಕೈವಾಡವಿರಬಹುದು. ಬಳಕೆಯ ಸವೆತ ಅಲ್ಲಲ್ಲಿ ಹೆಚ್ಚು, ಅಲ್ಲಲ್ಲಿ ಕಡಿಮೆ. ಮೆರುಗಿನ ಕೂದಲೆಳೆ ಬಿರುಕುಗಳನ್ನು ನಾನು ಲೆಕ್ಕಕ್ಕೆ ಇಟ್ಟುಕೊಳ್ಳುವುದಿಲ್ಲ. ಚಹಾ ಸುರಿದರೂ ಅವು ಮುಪ್ಪಾಗಿ ಕಾಣುತ್ತವೆ. ಬೆರಳು ಇಸವಿ ಹೇಳಲಾರದು, ಸುಳ್ಳನ್ನು ಹಿಡಿಯಬಲ್ಲದು. ಆದ್ದರಿಂದ ಅಂಗಡಿಯಲ್ಲಿ ಬೆರಳು ಮೊದಲು, ಹೆಸರು ತಿಳಿಯಲು ಮೊಬೈಲ್, ಕೋಶ ಮನೆಗೆ ಬಂದ ಮೇಲೆ.

ಅಟ್ಟದ ಉಪ್ಪಿನಕಾಯಿ ಭರಣಿಗಳ ಮುಂದೆ ಮೊಬೈಲು, ಕೋಶ ಎರಡೂ ಸೋತವು. ಕಂದು ಕುತ್ತಿಗೆ, ಬಿಳಿ ಹೊಟ್ಟೆ, ತಳದಲ್ಲಿ ಏನೂ ಇಲ್ಲ. ಇಂಥದ್ದಕ್ಕೆ ಇಸವಿ ಹೇಳಿ ಬೆಲೆ ಏರಿಸುವವರಿಗೆ ನಾನು ಭರಣಿಯ ಬೆಲೆಯನ್ನಷ್ಟೇ ಕೊಡುತ್ತೇನೆ.