ಎಸ್60, ಎ4, 3 ಸೀರೀಸ್, ಸಿ-ಕ್ಲಾಸ್, ಕ್ಯಾಮ್ರಿ: ತುಮಕೂರಿನ ರಸ್ತೆಯಲ್ಲಿ ಯಾವುದು ಹೆಚ್ಚು ಕಾಯುತ್ತದೆ?

ಸುರಕ್ಷತೆಯೇ ಮೊದಲು, ಉಳಿದದ್ದು ಆಮೇಲೆ ಎನ್ನುವ ಲೆಕ್ಕದಲ್ಲಿ ಐವತ್ತು ಲಕ್ಷದ ಆಸುಪಾಸಿನ ಸೆಡಾನ್ ಹುಡುಕಿದರೆ ಮೊದಲು ಬಾಯಿಗೆ ಬರುವ ಹೆಸರು ವೋಲ್ವೊ ಎಸ್60. ತೊಡಕೆಂದರೆ ಅದು ಇಲ್ಲಿ ಹೊಸದಾಗಿ ಸಿಗುವುದಿಲ್ಲ. 2021ರ ಜನವರಿಯಲ್ಲಿ 45.90 ಲಕ್ಷ ಎಕ್ಸ್-ಶೋರೂಂ ಬೆಲೆಗೆ ಬಂದ ಈ ಕಾರು ಕೆಲವೇ ವರ್ಷಗಳಲ್ಲಿ ಮಾರಾಟ ಪಟ್ಟಿಯಿಂದ ಹೋಯಿತು. ಹಾಗಾಗಿ ಹೋಲಿಕೆ ಸೆಕೆಂಡ್ ಹ್ಯಾಂಡ್ ಎಸ್60ಗೂ ಅದೇ ಕಾಲದ ಆಡಿ ಎ4, ಬಿಎಂಡಬ್ಲ್ಯು 3 ಸೀರೀಸ್‌ನ 330ಎಲ್‌ಐ, ಮರ್ಸಿಡಿಸ್ ಸಿ-ಕ್ಲಾಸ್‌ನ ಸಿ200 ಕಾರುಗಳಿಗೂ ನಡುವೆ. ಹೊಸದೇ ಬೇಕು ಎನ್ನುವವರಿಗೆ ಪಕ್ಕದಲ್ಲಿ ಬಿಡದಿಯಿಂದ ಬರುವ ಟೊಯೊಟಾ ಕ್ಯಾಮ್ರಿ ಹೈಬ್ರಿಡ್.

ಓಡಿಸಿ ನೋಡಿದ ದಾರಿಗಳು ಮೂರು ಬಗೆಯವು. ಕ್ಯಾತ್ಸಂದ್ರದಿಂದ ನೆಲಮಂಗಲದವರೆಗಿನ ರಾಷ್ಟ್ರೀಯ ಹೆದ್ದಾರಿ 48, ಕೊರಟಗೆರೆ ಮೇಲೆ ಮಧುಗಿರಿಗೆ ಹೋಗುವ ರಸ್ತೆ, ಮತ್ತೆ ದೇವರಾಯನದುರ್ಗದ ತಿರುವುಗಳು. ಶೋರೂಂನವರು ಕರೆದುಕೊಂಡು ಹೋಗುವ ನುಣುಪಾದ ರಸ್ತೆಯಲ್ಲಿ ಐದೂ ಕಾರು ಒಂದೇ ಥರ ಅನಿಸುತ್ತವೆ. ವ್ಯತ್ಯಾಸ ಗೊತ್ತಾಗುವುದು ಇಲ್ಲಿ.

ಸ್ಟಾರ್ ಲೆಕ್ಕ ಎಲ್ಲಿಯವರೆಗೆ ನಂಬಬಹುದು

ಯೂರೋ ಎನ್‌ಕ್ಯಾಪ್ ಎಂಬ, ಕಾರುಗಳನ್ನು ಗುದ್ದಿಸಿ ಸುರಕ್ಷತೆಗೆ ಅಂಕ ಕೊಡುವ ಯುರೋಪಿನ ಪರೀಕ್ಷೆಯಲ್ಲಿ ನಾಲ್ಕೂ ಯುರೋಪಿಯನ್ ಕಾರಿಗೆ ಐದು ಸ್ಟಾರ್ ಇದೆ. ದೊಡ್ಡವರ ರಕ್ಷಣೆಯಲ್ಲಿ ಎಸ್60 ಮತ್ತು ಅದರ ಎಸ್ಟೇಟ್ ಜೋಡಿ ವಿ60 2018ರಲ್ಲಿ ಶೇ 96 ಪಡೆದರೆ, 2019ರಲ್ಲಿ 3 ಸೀರೀಸ್ ಶೇ 97, 2022ರಲ್ಲಿ ಸಿ-ಕ್ಲಾಸ್ ಶೇ 93 ಪಡೆದವು. ಇದನ್ನು ನೋಡಿ ಬಿಎಂಡಬ್ಲ್ಯು ಗೆದ್ದಿತು ಎನ್ನುವಂತಿಲ್ಲ. 2020ರಲ್ಲಿ ಪರೀಕ್ಷೆಯ ವಿಧಾನವೇ ಬದಲಾಯಿತು. ಅದಕ್ಕೆ ಮೊದಲು ಕಾರನ್ನು ಗಂಟೆಗೆ 64 ಕಿ.ಮೀ. ವೇಗದಲ್ಲಿ ನಿಂತ ತಡೆಗೆ ಗುದ್ದಿಸುತ್ತಿದ್ದರು. ಆಮೇಲೆ ಕಾರು ಮತ್ತು ಎದುರಿನಿಂದ ಬರುವ ಟ್ರಾಲಿ ಎರಡೂ 50ರ ವೇಗದಲ್ಲಿ ಮುಖಾಮುಖಿಯಾಗುತ್ತವೆ. ಸಿ-ಕ್ಲಾಸ್‌ನ 93 ಬಂದದ್ದು ಹೆಚ್ಚು ಕಠಿಣವಾದ ಪರೀಕ್ಷೆಯಲ್ಲಿ. ಎ4 ಪರೀಕ್ಷೆಯಾದದ್ದು 2015ರಲ್ಲಿ, ಎಲ್ಲಕ್ಕಿಂತ ಹಳೆಯದು.

ಅದಕ್ಕಿಂತ ಮುಖ್ಯವಾದ ಮಾತು, ಆ ಅಂಕಗಳು ಯುರೋಪಿನಲ್ಲಿ ಮಾರುವ ಕಾರಿನವು. ಡಬ್ಬಿ ಗಟ್ಟಿ ಇರುವುದರಲ್ಲಿ ಐದಕ್ಕೂ ದೊಡ್ಡ ಅಂತರವಿಲ್ಲ; ಅಂತರ ಇರುವುದು ಗುದ್ದುವುದಕ್ಕೆ ಮೊದಲು ಕಾರು ಏನು ಮಾಡುತ್ತದೆ ಎಂಬುದರಲ್ಲಿ. ನಮ್ಮಲ್ಲಿ ಮಾರಿದ ಎ4ನಲ್ಲಿ ಮುಂದಿನ ವಾಹನ ನೋಡಿ ವೇಗ ಹೊಂದಿಸುವ ರೇಡಾರ್ ಕ್ರೂಸ್ ಇಲ್ಲ, ಬರೀ ಮಾಮೂಲಿ ಕ್ರೂಸ್. 3 ಸೀರೀಸ್, ಸಿ-ಕ್ಲಾಸ್‌ಗಳಲ್ಲಿ ವರ್ಷ ಮತ್ತು ವೇರಿಯಂಟ್ ಮೇಲೆ ಹೋಗುತ್ತದೆ; ಬ್ರೋಷರ್ ನಂಬದೆ ಚಾಸಿ ನಂಬರ್ ಕೊಟ್ಟು ಡೀಲರ್ ಬಳಿ ಆ ಕಾರಿನ ಸಲಕರಣೆ ಪಟ್ಟಿ ತೆಗೆಸಿ. ಎಸ್60ನಲ್ಲಿ ತಾನೇ ಬ್ರೇಕ್ ಹಿಡಿಯುವ ಸಿಟಿ ಸೇಫ್ಟಿ ಇದೆ, ಲೇನ್ ಕಾಯುವ ವ್ಯವಸ್ಥೆ ಇದೆ. ಹೊಸ ಕ್ಯಾಮ್ರಿಯಲ್ಲಿ ಅಂಥದ್ದೇ ಕೆಲಸದ ಟೊಯೊಟಾ ಸೇಫ್ಟಿ ಸೆನ್ಸ್ 3.0 ವ್ಯವಸ್ಥೆ ಮತ್ತು ಒಂಬತ್ತು ಏರ್‌ಬ್ಯಾಗ್. ಈ ಒಂದು ವಿಷಯದಲ್ಲಿ ಎಸ್60 ಮತ್ತು ಕ್ಯಾಮ್ರಿ ಒಂದು ಕಡೆ, ಎ4 ಇನ್ನೊಂದು ಕಡೆ, ಉಳಿದೆರಡು ಪಟ್ಟಿ ನೋಡಿದ ಮೇಲೆ.

2024ರ ಡಿಸೆಂಬರ್ 21ರಂದು ನೆಲಮಂಗಲ ಬಳಿ ಇದೇ ಹೆದ್ದಾರಿ 48ರಲ್ಲಿ ಕಂಟೇನರ್ ಲಾರಿ ವೋಲ್ವೊ ಎಕ್ಸ್‌ಸಿ90 ಮೇಲೆ ಮಗುಚಿ ಒಂದೇ ಕುಟುಂಬದ ಆರು ಮಂದಿ ಹೋದದ್ದು ಈ ಭಾಗದಲ್ಲಿ ಎಲ್ಲರಿಗೂ ಗೊತ್ತು. ಅದಾದ ಮೇಲೆ ‘ವೋಲ್ವೊ ಆದರೇನು ಬಂತು’ ಎಂಬ ಮಾತು ಕೇಳಿಬಂತು. ಚಾವಣಿಯ ಮೇಲೆ ತುಂಬಿದ ಕಂಟೇನರ್ ಬೀಳುವುದನ್ನು ಯಾವ ಸ್ಟಾರ್ ಪರೀಕ್ಷೆಯೂ ಅಳೆಯುವುದಿಲ್ಲ. ಲಾರಿಗಳ ಪಕ್ಕದಲ್ಲೇ ಸಮಸಮ ಓಡಿಸದೆ ಬೇಗ ದಾಟಿಹೋಗುವುದು ಅಥವಾ ಹಿಂದೆ ದೂರ ಉಳಿಯುವುದು ಡ್ರೈವರ್ ಕೈಯಲ್ಲಿದೆ, ಕಾರಿನ ಕೈಯಲ್ಲಿಲ್ಲ.

ಸಿಟಿ ಸೇಫ್ಟಿ ಇಲ್ಲಿ ಏನು ನೋಡುತ್ತದೆ, ಏನು ನೋಡುವುದಿಲ್ಲ

ವೋಲ್ವೊ ಕೈಪಿಡಿಯ ಪ್ರಕಾರ ಮುಂದಿರುವುದು ವಾಹನವಾದರೆ ವ್ಯವಸ್ಥೆ ಗಂಟೆಗೆ 60 ಕಿ.ಮೀ.ವರೆಗೆ ವೇಗ ತಗ್ಗಿಸಬಲ್ಲದು; ಸೈಕಲ್ಲಾದರೆ 50, ನಡೆದು ಹೋಗುವವರಾದರೆ 45. ಗಮನಿಸಿ, ಇದು ತಗ್ಗಿಸುವ ಪ್ರಮಾಣ. ನೂರರಲ್ಲಿ ಹೋಗುತ್ತಾ ನಿಂತ ಲಾರಿಯ ಹಿಂಬದಿಗೆ ಬಂದರೆ ನಲವತ್ತರ ಗುದ್ದು ಉಳಿದೇ ಇರುತ್ತದೆ. ದೊಡ್ಡ ಪ್ರಾಣಿಗಳಿಗೆ ತಗ್ಗುವುದು 15 ಮಾತ್ರ, ಅದೂ 70ರ ಮೇಲೆ ಹೋಗುವಾಗ ಹೆಚ್ಚು ಪರಿಣಾಮಕಾರಿ. ಸ್ವೀಡನ್ನಿನವರು ಕಾಡಿನ ಮೂಸ್ ಎಂಬ ದೈತ್ಯ ಜಿಂಕೆ, ಕುದುರೆಗಳನ್ನು ಮನಸ್ಸಿನಲ್ಲಿಟ್ಟು ಮಾಡಿದ್ದು. ಸಂಜೆ ಹೊತ್ತು ಕೊರಟಗೆರೆ ರಸ್ತೆಯಲ್ಲಿ ಮನೆಗೆ ಮರಳುವ ಎಮ್ಮೆ ಹಿಂಡಿನ ಮುಂದೆ ನಲವತ್ತರಲ್ಲಿ ಹೋಗುವಾಗ ಅದರ ಮೇಲೆ ಭಾರ ಹಾಕಬೇಡಿ. 80 ಸೆಂ.ಮೀ.ಗಿಂತ ಕುಳ್ಳಗಿರುವ ಮಗುವನ್ನೂ ಅದು ಗುರುತಿಸುವುದಿಲ್ಲ.

ರಾತ್ರಿಯ ಮಿತಿ ನಮಗೆ ಇನ್ನೂ ದೊಡ್ಡದು. ಕತ್ತಲಲ್ಲಿ ಮುಂದಿನ ವಾಹನವನ್ನು ಗುರುತಿಸಬೇಕಾದರೆ ಅದರ ದೀಪ ಉರಿಯುತ್ತಿರಬೇಕು ಎಂದು ಕೈಪಿಡಿ ಸ್ಪಷ್ಟವಾಗಿ ಹೇಳುತ್ತದೆ. ಶಿರಾ ಕಡೆ ರಸ್ತೆ ಬದಿಗೆ ಟೈಲ್ ಲ್ಯಾಂಪ್ ಇಲ್ಲದೆ, ರಿಫ್ಲೆಕ್ಟರ್ ಮೇಲೆ ಮಣ್ಣು ಮೆತ್ತಿಕೊಂಡು ನಿಂತ ಟಿಪ್ಪರ್ ಈ ಲೆಕ್ಕಕ್ಕೆ ಬರುವುದಿಲ್ಲ. 2023ರ ಅಕ್ಟೋಬರ್ 26ರ ಬೆಳಗಿನ ಮಂಜಿನಲ್ಲಿ ಚಿಕ್ಕಬಳ್ಳಾಪುರದ ಬಳಿ ನಿಂತಿದ್ದ ಟ್ಯಾಂಕರ್‌ಗೆ ಟಾಟಾ ಸುಮೊ ಗುದ್ದಿ 13 ಮಂದಿ ಸತ್ತರು. ಅಂಥ ದಟ್ಟ ಮಂಜಿನಲ್ಲಿ ಕ್ಯಾಮೆರಾ ನಂಬಿ ವೇಗ ಇಳಿಸದೇ ಇರುವವರಿಗೆ ಐದರಲ್ಲಿ ಯಾವ ಕಾರೂ ಉತ್ತರವಲ್ಲ.

ಹಗಲಿನ ಹೆದ್ದಾರಿಯಲ್ಲಿ ಮಾತ್ರ ಎಸ್60 ಹೆಸರಿಗೆ ತಕ್ಕಂತಿದೆ. ಸರ್ವಿಸ್ ರೋಡಿನಿಂದ ಬೈಕ್ ನುಗ್ಗಿದರೆ ಎಚ್ಚರಿಕೆ, ಬೆಲ್ಟ್ ಬಿಗಿತ, ಬ್ರೇಕ್ ಮೂರೂ ಕಾಲು ಪೆಡಲ್ ತಲುಪುವ ಮೊದಲೇ ಶುರುವಾಗಿರುತ್ತವೆ. ಕ್ಯಾಮ್ರಿ ಸ್ವಲ್ಪ ಮೆತ್ತಗೆ, ಮೊದಲೇ ವೇಗ ಇಳಿಸುತ್ತಾ ಬರುತ್ತದೆ. ಹಿಂದೆ ಕೂತವರಿಗೆ ಅದೇ ಹಿತ. ಲೇನ್ ಸಹಾಯದ ಕಥೆ ಬೇರೆ. ಎಸ್60ನಲ್ಲಿ ಅದು 65 ಕಿ.ಮೀ. ಮೇಲೆ ಕೆಲಸ ಮಾಡುತ್ತದೆ, ಬಿಳಿ ಗೆರೆ ಬೇಕೇ ಬೇಕು. ನೆಲಮಂಗಲ ಕಡೆ ಕಾಮಗಾರಿ ನಡೆಯುವಲ್ಲಿ ಹಳೆ ಗೆರೆ, ಹೊಸ ಗೆರೆ ಎರಡೂ ಕಾಣುವ ಕಡೆ ಸ್ಟೀರಿಂಗ್ ಬೇಡದ ದಿಕ್ಕಿಗೆ ನೂಕುತ್ತದೆ. ಅಲ್ಲಿ ಆಫ್ ಮಾಡಿ. ಮಧುಗಿರಿ ರಸ್ತೆಯಲ್ಲಿ ಗೆರೆ ಅಳಿಸಿಹೋದ ಕಡೆಗಳಲ್ಲಿ ಅದು ಇದ್ದೂ ಇಲ್ಲದಂತೆ.

ಓಡಿಸುವ ಖುಷಿಗೆ ಬಿಎಂಡಬ್ಲ್ಯು. ವಾದವೇ ಇಲ್ಲ: 258 ಅಶ್ವಶಕ್ತಿ, ಹಿಂದಿನ ಚಕ್ರದ ತಳ್ಳು, ದೇವರಾಯನದುರ್ಗ ಏರುವಾಗ ಎಸ್60ನ 190 ಅಶ್ವಶಕ್ತಿ ಸಪ್ಪೆ ಅನಿಸುತ್ತದೆ. ಹಿಂದಿನ ಸೀಟಿನಲ್ಲೂ 330ಎಲ್‌ಐ ಮುಂದೆ. ಅದರ ವೀಲ್‌ಬೇಸ್ 2961 ಮಿ.ಮೀ., ಎಸ್60ನದು 2872. ಎಸ್60ನ ಹಿಂದಿನ ಸೀಟಿನ ಮಧ್ಯದ ದಿಬ್ಬ ಎತ್ತರ, ಮೂರನೆಯವರು ಕಾಲು ಇಡಲು ಒದ್ದಾಡಬೇಕು. ಸಿ200 ಒಳಗಿನ ಅಂದದಲ್ಲಿ ಮೊದಲ ಸ್ಥಾನ, ಎ4 ಎಲ್ಲದರಲ್ಲೂ ಮಧ್ಯಮ. ಎಸ್60ನ ಪರದೆಯೊಳಗೆ ಎಸಿ ನಿಯಂತ್ರಣ ತುರುಕಿರುವುದು ಸುರಕ್ಷತೆಯ ಕಂಪನಿಗೆ ಶೋಭೆಯಲ್ಲ. ಓಡಿಸುತ್ತಾ ಫ್ಯಾನ್ ವೇಗ ಬದಲಿಸಲು ಕಣ್ಣು ರಸ್ತೆ ಬಿಡಬೇಕು.

ಹಂಪ್ಸ್ ವಿಷಯದಲ್ಲಿ ಐದೂ ತಗ್ಗು. ನಾಲ್ಕು ಜನ, ಡಿಕ್ಕಿ ತುಂಬ ಸಾಮಾನು ಇದ್ದರೆ ಹಳ್ಳಿಯವರೇ ಹಾಕಿಸಿದ ಚೂಪು ಹಂಪ್ಸ್ ಮೇಲೆ ಅಡ್ಡಡ್ಡ ಕೋನದಲ್ಲಿ ಒಂದೊಂದೇ ಚಕ್ರ ಹತ್ತಿಸಬೇಕು. ಎಸ್60ನಲ್ಲಿ ಮೊದಲು ಉಜ್ಜುವುದು ಇಂಜಿನ್ ಕೆಳಗಿನ ಪ್ಲಾಸ್ಟಿಕ್ ತಟ್ಟೆ. ಸೆಕೆಂಡ್ ಹ್ಯಾಂಡ್ ನೋಡುವಾಗ ಅದರ ಕ್ಲಿಪ್‌ಗಳು ಇವೆಯೋ, ತಂತಿ ಕಟ್ಟಿದ್ದಾರೋ ಬಗ್ಗಿ ನೋಡಿ.

ಹಳೆ ಕಾರಿನಲ್ಲಿ ಸುರಕ್ಷತೆ ಇನ್ನೂ ಉಳಿದಿದೆಯೇ?

ಇದೇ ನಿಜವಾದ ಪ್ರಶ್ನೆ. ಎಸ್60 ಕೊಳ್ಳುವವರು ದುಡ್ಡು ಕೊಡುವುದು ರೇಡಾರ್‌ಗೆ, ಏರ್‌ಬ್ಯಾಗ್‌ಗೆ. ಹಿಂದಿನ ಮಾಲೀಕರು ಅಗ್ಗದ ರಿಪೇರಿ ಮಾಡಿಸಿದ್ದರೆ ಅವೇ ಮೊದಲು ಹೋಗಿರುತ್ತವೆ.

ಮುಂದಿನ ಗಾಜಿನಿಂದ ಶುರು ಮಾಡಿ. ಎಸ್60ನಲ್ಲಿ ಕ್ಯಾಮೆರಾ ಮತ್ತು ಮುಂದಿನ ರೇಡಾರ್ ಎರಡೂ ಒಳಗನ್ನಡಿಯ ಹಿಂದೆ, ಗಾಜಿಗೆ ಅಂಟಿದಂತೆ ಇವೆ. ಕ್ಯಾಮ್ರಿಯ ರೇಡಾರ್ ಮುಂಭಾಗದಲ್ಲಿದೆ. ಜಲ್ಲಿ ಟಿಪ್ಪರ್‌ಗಳ ಹಿಂದೆ ಓಡಾಡುವ ಈ ಜಿಲ್ಲೆಯಲ್ಲಿ ಗಾಜು ಬದಲಾಗಿರುವುದು ಸಾಮಾನ್ಯ. ಬದಲಾಗಿದ್ದರೆ ತಪ್ಪಲ್ಲ, ಕ್ಯಾಲಿಬ್ರೇಶನ್ (ಕ್ಯಾಮೆರಾ, ರೇಡಾರ್‌ಗಳ ದಿಕ್ಕು ಮತ್ತೆ ಸರಿಹೊಂದಿಸುವುದು) ಮಾಡಿಸದೇ ಇದ್ದರೆ ತಪ್ಪು. ಕ್ಯಾಮೆರಾ ಒಂದು ಡಿಗ್ರಿ ವಾಲಿದರೂ ನೂರು ಮೀಟರ್ ಆಚೆ ಅಳತೆ ಒಂದೂ ಮುಕ್ಕಾಲು ಮೀಟರ್ ಪಕ್ಕಕ್ಕೆ ಹೋಗುತ್ತದೆ, ಅಂದರೆ ಅರ್ಧ ಲೇನ್. ಗಾಜಿನ ಮೂಲೆಯ ಮುದ್ರೆ ಪಕ್ಕದ ಗಾಜುಗಳ ಮುದ್ರೆಯೊಂದಿಗೆ ಹೊಂದುತ್ತದೆಯೇ ನೋಡಿ, ಹೊಂದದಿದ್ದರೆ ಕ್ಯಾಲಿಬ್ರೇಶನ್ ಬಿಲ್ ಕೇಳಿ. ಹಾಗೆಯೇ ಹಿಂದಿನ ಬಂಪರ್‌ನ ಎರಡು ಮೂಲೆಯೊಳಗೆ ಪಕ್ಕದ ವಾಹನ ಗುರುತಿಸುವ ರೇಡಾರ್‌ಗಳಿವೆ. ಅಲ್ಲಿ ದಪ್ಪ ಪುಟ್ಟಿ ಹಚ್ಚಿ ಪೇಂಟ್ ಹೊಡೆದಿದ್ದರೆ ಕನ್ನಡಿಯ ದೀಪ ಹತ್ತಬೇಕಾದಾಗ ಹತ್ತುವುದಿಲ್ಲ. ಹೆದ್ದಾರಿಯಲ್ಲಿ ಎರಡೂ ಬದಿಗೆ ಪರೀಕ್ಷಿಸಿ.

ಏರ್‌ಬ್ಯಾಗ್ ಒಮ್ಮೆ ಬಿಚ್ಚಿದ ಕಾರನ್ನು ಮುಚ್ಚಿ ಮಾರುವುದು ಹಳೆ ಕಸುಬು. ಇಗ್ನಿಷನ್ ಹಾಕಿದಾಗ ಏರ್‌ಬ್ಯಾಗ್ ದೀಪ ಹೊತ್ತಿ ಕೆಲವು ಸೆಕೆಂಡಿನಲ್ಲಿ ಆರಬೇಕು; ಹೊತ್ತಲೇ ಇಲ್ಲವೆಂದರೆ ಒಳಗೆ ಕೈಯಾಡಿಸಿದ್ದಾರೆ. ಸೀಟ್ ಬೆಲ್ಟ್ ಪೂರ್ತಿ ಎಳೆದು ಬುಡದ ಚೀಟಿಯ ತಯಾರಿಕೆ ದಿನಾಂಕ ಓದಿ. ಅದು ಕಾರಿಗಿಂತ ಹೊಸದಾದರೆ ಬೆಲ್ಟ್ ಬದಲಾಗಿದೆ, ಬೆಲ್ಟ್ ಬದಲಾದದ್ದು ಯಾಕೆಂದು ಕೇಳಿ. ಮಾರುಕಟ್ಟೆಯ ಅಗ್ಗದ ಓಬಿಡಿ ಡಾಂಗಲ್ (ಕಾರಿಗೆ ಚುಚ್ಚಿ ದೋಷದ ಕೋಡ್ ಓದುವ ಸಾಧನ) ಬಹುಮಟ್ಟಿಗೆ ಇಂಜಿನ್ ಕೋಡ್ ಮಾತ್ರ ಓದುತ್ತದೆ, ಏರ್‌ಬ್ಯಾಗ್ ಮಾಡ್ಯೂಲ್‌ವರೆಗೆ ಹೋಗುವುದಿಲ್ಲ. ವೋಲ್ವೊಗೆ ವಿಡಾ, ಬಿಎಂಡಬ್ಲ್ಯುಗೆ ಇಸ್ಟಾ, ಮರ್ಸಿಡಿಸ್‌ಗೆ ಕ್ಸೆಂಟ್ರಿ, ಆಡಿಗೆ ‘ಓಡಿಸ್’ ಎಂಬ ಆಯಾ ಕಂಪನಿಯದೇ ಸ್ಕ್ಯಾನ್ ಸಾಫ್ಟ್‌ವೇರ್ ಬೇಕು. ಅಡ್ವಾನ್ಸ್ ಕೊಡುವ ಮೊದಲೇ ಆ ಸ್ಕ್ಯಾನ್ ಆಗಬೇಕು.

ಅದೇ ಬೆಲ್ಟ್ ಎಳೆದಾಗ ಕೆಸರಿನ ಗೆರೆ ಕಂಡರೆ ಅಲ್ಲಿಂದ ಎದ್ದು ಬನ್ನಿ. 2022ರ ಸೆಪ್ಟೆಂಬರ್ ಮಳೆಗೆ ಬೆಂಗಳೂರಿನ ಪೂರ್ವಭಾಗದ ಬಡಾವಣೆಗಳಲ್ಲಿ ದುಬಾರಿ ಕಾರುಗಳು ಮುಳುಗಿದ್ದವು. ಸೀಟಿನ ಕಂಬಿಯ ತುಕ್ಕು, ಕಾರ್ಪೆಟ್ ಕೆಳಗಿನ ತೇವ, ಸೀಟಿನಡಿಯ ಕನೆಕ್ಟರ್‌ನಲ್ಲಿ ಹಸಿರು ಪುಡಿ: ಮೂರರಲ್ಲಿ ಒಂದು ಇದ್ದರೂ ಬೆಲೆ ಎಷ್ಟಾದರೂ ಬೇಡ. ಅಗ್ಗದ ಮಾಲು ಮುಗ್ಗಲು ಜೋಳ.

ಇಂಜಿನ್, ಗೇರ್‌ಬಾಕ್ಸ್ ಕಡೆಗೆ ಚುಟುಕಾಗಿ. ಎಸ್60ನ ಇಂಜಿನ್‌ಗೆ ಟೈಮಿಂಗ್ ಚೈನ್ ಅಲ್ಲ, ಬೆಲ್ಟ್. ಆಯಿಲ್ 0ಡಬ್ಲ್ಯು-20, ಮಟ್ಟ ನೋಡುವುದು ಪರದೆಯಲ್ಲಿ. ಎಂಟು ಗೇರಿನ ಐಸಿನ್ ಗೇರ್‌ಬಾಕ್ಸ್‌ನ ಎಣ್ಣೆ ‘ಜೀವಮಾನದ್ದು’ ಎಂದು ಹೇಳಿದರೂ 60,000 ಕಿ.ಮೀ. ಹೊತ್ತಿಗೆ ಬದಲಿಸುವುದು ಒಳ್ಳೆಯದು. ಎ4ನ ಡ್ಯುಯಲ್ ಕ್ಲಚ್‌ಗೂ ಅದೇ ಹೊತ್ತಿಗೆ ಎಣ್ಣೆ ಬೇಕು. ಎಸ್60ನಲ್ಲಿ ಮುಖ್ಯ ಬ್ಯಾಟರಿಯ ಜೊತೆ ಒಂದು ಸಹಾಯಕ ಬ್ಯಾಟರಿಯೂ ಇದೆ. ಅದು ಸೋತರೆ ಸ್ಟಾರ್ಟ್-ಸ್ಟಾಪ್ ನಿಂತು ಸಂಬಂಧವಿಲ್ಲದ ಎಚ್ಚರಿಕೆಗಳೂ ಪರದೆಗೆ ಬರುತ್ತವೆ, ಮೆಕ್ಯಾನಿಕ್‌ಗಳು ಸೆನ್ಸರ್ ಬದಲಿಸಲು ಹೊರಡುತ್ತಾರೆ. ಸಿ200ನಲ್ಲಿ ನೋಡಬೇಕಾದ್ದು ಇಂಜಿನ್‌ಗೆ ನೆರವಾಗುವ 48 ವೋಲ್ಟ್ ವಿದ್ಯುತ್ ವ್ಯವಸ್ಥೆ. ಟೈರ್ ತಯಾರಾದ ದಿನದ ನಾಲ್ಕಂಕಿ ಓದಿ: ಮೊದಲೆರಡು ವಾರ, ಕೊನೆಯೆರಡು ವರ್ಷ. ಬಿಎಂಡಬ್ಲ್ಯುಗೆ ರನ್‌ಫ್ಲಾಟ್ ಟೈರ್ (ಗಾಳಿ ಹೋದರೂ ಸ್ವಲ್ಪ ದೂರ ಓಡುವಂಥದ್ದು) ಹಾಕಿದ್ದರೆ ನಾಲ್ಕೂ ಅದೇ ಬಗೆಯವೇ ನೋಡಿ. ಎರಡು ಮಾಮೂಲಿ ಟೈರ್ ಬೆರೆಸಿ, ಸ್ಟೆಪ್ನಿಯೂ ಇಲ್ಲದೆ ಮಾರುವವರಿದ್ದಾರೆ.

ಕೊನೆಗೆ ಕೈ ಹಾಕುವುದು ಯಾವುದಕ್ಕೆ

ವಾರಕ್ಕೆ ಹಲವು ಸಲ ಬೆಂಗಳೂರಿಗೆ ಹಗಲು ಹೋಗಿ ಬರುವವರಿಗೆ, ಕರ್ನಾಟಕದ್ದೇ ನೋಂದಣಿಯ, ಪೂರ್ತಿ ಸರ್ವಿಸ್ ದಾಖಲೆಯ, ಸ್ಕ್ಯಾನ್‌ನಲ್ಲಿ ಸ್ವಚ್ಛವಾಗಿ ಬಂದ ಎಸ್60 ಮೊದಲ ಆಯ್ಕೆ. ಸರ್ವಿಸ್‌ಗೆ ಹೇಗೂ ಎಪ್ಪತ್ತು ಕಿ.ಮೀ. ಹೋಗಬೇಕು; ಕೋಲಾರ ರಸ್ತೆಯ ಹೊಸಕೋಟೆಯಲ್ಲಿ ವೋಲ್ವೊ ಕಾರು ಜೋಡಿಸುತ್ತಾರೆ ಎಂಬ ಕಾರಣಕ್ಕೆ ಎಸ್60ನ ಬಂಪರ್ ಮರುದಿನವೇ ಸಿಗುತ್ತದೆ ಎಂದುಕೊಳ್ಳಬೇಡಿ. ಮಾರಾಟವಾದದ್ದೇ ಕಡಿಮೆ, ಬಿಡಿಭಾಗಕ್ಕೆ ಕಾಯಬೇಕು. ಆ ಕಾಯುವಿಕೆ ಒಗ್ಗದವರಿಗೆ, ಪಾವಗಡ, ಮಧುಗಿರಿ ಕಡೆ ಹೆಚ್ಚು ಓಡಾಡುವವರಿಗೆ ಹೊಸ ಕ್ಯಾಮ್ರಿ. 2024ರ ಡಿಸೆಂಬರ್‌ನಲ್ಲಿ ಬಂದಾಗ 48 ಲಕ್ಷ ಎಕ್ಸ್-ಶೋರೂಂ ಇತ್ತು. 20 ಲಕ್ಷ ಮೀರಿದ ಕಾರಿಗೆ ರಾಜ್ಯದ ಶೇ 18ರ ತೆರಿಗೆ, ಅದರ ಮೇಲೆ ಸೆಸ್ ಸೇರಿದರೆ ಒಂಬತ್ತೂವರೆ ಲಕ್ಷ ಅಲ್ಲೇ ಹೋಗುತ್ತದೆ. ಸ್ವತಃ ಓಡಿಸದೆ ಹಿಂದೆ ಕೂರುವವರು 330ಎಲ್‌ಐ ನೋಡಲಿ. ಎ4 ತೀರಾ ಅಗ್ಗಕ್ಕೆ ಸಿಕ್ಕರೆ ಮಾತ್ರ, ಅದೂ ಸುರಕ್ಷತೆಯ ಲೆಕ್ಕದಲ್ಲಲ್ಲ.

ಈಗ ಕಾಗದ. ತುಮಕೂರಿನ ಕೆಎ-06 ಆಗಲಿ ಬೆಂಗಳೂರಿನ ಸಂಖ್ಯೆಯಾಗಲಿ, ಕರ್ನಾಟಕದ ಕಾರಾದರೆ ಮಾಲೀಕತ್ವ ಬದಲಿಸುವ ಫಾರಂ 29, 30, ಸಾಲವಿದ್ದದ್ದು ತೀರಿದ್ದರೆ 35 ಸಾಕು. ದೆಹಲಿಯಿಂದ ಬರುವ ಹತ್ತು ವರ್ಷ ಸಮೀಪಿಸಿದ ಹಳೆ ಡೀಸೆಲ್ ಎಸ್60ಗಳು ಬೆಲೆ ನೋಡಿದರೆ ಆಸೆ ಹುಟ್ಟಿಸುತ್ತವೆ. ಆದರೆ ಫಾರಂ 28ರ ಎನ್‌ಒಸಿ, ಇಲ್ಲಿನ ಮರುನೋಂದಣಿ, ಉಳಿದ ಆಯಸ್ಸಿಗೆ ಹೊಸದಾಗಿ ತೆರಿಗೆ ಎಲ್ಲ ಕೂಡಿದರೆ ಉಳಿತಾಯ ಕರಗುತ್ತದೆ. ವಿಮೆಯಲ್ಲಿ ಝೀರೋ ಡೆಪ್ (ಬಿಡಿಭಾಗದ ಸವಕಳಿ ಕಳೆಯದೆ ಪರಿಹಾರ ಕೊಡುವ ಸೌಲಭ್ಯ) ಹಲವು ಕಂಪನಿಗಳು ಐದು ವರ್ಷದವರೆಗೆ ಮಾತ್ರ ಕೊಡುತ್ತವೆ. 2021ರ ಕಾರು ಕೊಳ್ಳುವ ಮುನ್ನವೇ ಆ ಚಾಸಿ ನಂಬರ್ ಹಾಕಿ ಕೊಟೇಶನ್ ತರಿಸಿ, ಗಾಜು ಮತ್ತು ಕ್ಯಾಲಿಬ್ರೇಶನ್ ಖರ್ಚು ಪಾಲಿಸಿಯಲ್ಲಿ ಸೇರಿದೆಯೇ ಎಂದು ಬರಹದಲ್ಲೇ ಕೇಳಿಕೊಳ್ಳಿ.