ಹಳೇ ಜೀಪಿಗೆ ರಾಡ್ ಎಂಡ್ ಕ್ಲಚ್ ಲಿಂಕೇಜ್ ಕಿಟ್: ಬಳ್ಳಾರಿ ಧೂಳಲ್ಲಿ ಎರಡೂವರೆ ವರ್ಷ

ಗಾಡಿ 1974ರ ಮಹೀಂದ್ರ ಸಿಜೆ-3ಬಿ. ಪೆಟ್ರೋಲ್ ಹರಿಕೇನ್ ಇಂಜಿನ್, ಮೂರು ಗೇರು. ಅಪ್ಪನ ಕಾಲದ್ದು. ಆಗಾಗ ಸಂಡೂರಿಗೆ ಹೋಗಿಬರುತ್ತೇನೆ, ಉಳಿದಂತೆ ಊರೊಳಗೇ ತಿರುಗಾಟ. ತುದಿಯಲ್ಲಿ ಗುಂಡಿನ ಕೀಲು (ರಾಡ್ ಎಂಡ್) ಇರುವ, ಪೆಡಲ್ ಒತ್ತಿದ್ದನ್ನು ಕ್ಲಚ್ಚಿಗೆ ಮುಟ್ಟಿಸುವ ರಾಡುಗಳ ಕಿಟ್ ಹಾಕಿದ ಮೇಲೆ 9,000 ಕಿ.ಮೀ. ಚಿಲ್ಲರೆ ಓಡಿದೆ.

ತೊಂದರೆ ಶುರುವಾಗಿದ್ದು ರಾಯಲ್ ಸರ್ಕಲ್ ಟ್ರಾಫಿಕ್ಕಿನಲ್ಲಿ. ಪೆಡಲ್ ನೆಲ ಮುಟ್ಟಿದರೂ ಫಸ್ಟ್ ಗೇರು ಕರಕರ ಅನ್ನುತ್ತಿತ್ತು. ಈ ಗೇರ್ ಬಾಕ್ಸಿನಲ್ಲಿ ಫಸ್ಟಿಗೂ ರಿವರ್ಸಿಗೂ ಸಿಂಕ್ರೊ, ಅಂದರೆ ಗೇರುಗಳ ವೇಗ ಹೊಂದಿಸುವ ಏರ್ಪಾಡು, ಇಲ್ಲ. ಕ್ಲಚ್ ಪೂರ್ತಿ ಕಳಚಿಕೊಳ್ಳದಿದ್ದರೆ ಹಲ್ಲು ಹಲ್ಲಿಗೆ ತಿಕ್ಕುತ್ತದೆ. ಒಂದು ಗ್ಯಾರೇಜಿನವರು ಕ್ಲಚ್ ಪ್ಲೇಟ್ ಹೋಗಿದೆ ಅಂದರು. ಹೆಸರು ಬೇಡ ಬಿಡಿ. ಪ್ಲೇಟು, ಪ್ರೆಷರ್ ಪ್ಲೇಟು, ಬೇರಿಂಗು, ಎಲ್ಲಾ ಹೊಸದಾಯಿತು. ವಾರಕ್ಕೆ ಮತ್ತೆ ಅದೇ ಕರಕರ.

ಕೊನೆಗೆ ನಾನೇ ಗಾಡಿ ಕೆಳಗೆ ಮಲಗಿದೆ. ಮಗನಿಗೆ ಪೆಡಲನ್ನು ಕೈಯಿಂದ ಮೆಲ್ಲಗೆ ಒತ್ತು ಅಂದೆ. ಮೂರು ಇಂಚು ಇಳಿದರೂ ಫೋರ್ಕ್ (ಕ್ಲಚ್ ಬಿಡಿಸುವ ಕವಲು ಸನ್ನೆ) ಅಲ್ಲಾಡಲೇ ಇಲ್ಲ! ಇರಬೇಕಾದ್ದು ಸುಮಾರು ಒಂದು ಇಂಚು ಫ್ರೀ ಪ್ಲೇ, ಅಂದರೆ ಕ್ಲಚ್ಚಿಗೆ ತಾಗುವ ಮೊದಲಿನ ಖಾಲಿ ಓಡಾಟ. ಪೆಡಲಿನಿಂದ ಒಂದು ರಾಡು, ಅದು ಚಾಸಿಗೂ (ಗಾಡಿಯ ಚೌಕಟ್ಟು) ಗೇರ್ ಬಾಕ್ಸಿಗೂ ನಡುವೆ ಇರುವ ಅಡ್ಡ ಟ್ಯೂಬಿಗೆ, ಅಲ್ಲಿಂದ ಇನ್ನೊಂದು ಎಳೆತ ಫೋರ್ಕಿಗೆ. ಒಂದೊಂದು ಪಿನ್ನೂ ಚೂರು ಸವೆದಿತ್ತು, ತೂತುಗಳು ಮೊಟ್ಟೆ ಆಕಾರಕ್ಕೆ ತಿರುಗಿದ್ದವು. ಬಿಡಿಬಿಡಿಯಾಗಿ ನೋಡಿದರೆ ಏನೂ ಅನಿಸುವುದಿಲ್ಲ. ಆದರೆ ಫೋರ್ಕಿನ ಹತ್ತಿರ ಒಂದು ಮಿಲಿಮೀಟರ್ ಸಡಿಲವಾದರೆ ಕಾಲಿನ ಹತ್ತಿರ ಅದು ಎಷ್ಟೋ ಪಟ್ಟು ಆಗುತ್ತದೆ.

ಪಿನ್ನು ಯಾಕೆ ಹೀಗೆ ಸವೆಯುತ್ತವೆ ಅಂದರೆ, ಇಂಜಿನ್ ರಬ್ಬರ್ ಮೇಲೆ ಕೂತಿರುತ್ತದೆ, ಪೆಡಲ್ ಚಾಸಿಗೆ. ಎರಡೂ ಒಂದೇ ಥರ ಅಲುಗುವುದಿಲ್ಲ. ನಡುವಿನ ಪಿನ್ನು ಓರೆಯಾಗಿ ತಿಕ್ಕಿಸಿಕೊಳ್ಳುತ್ತದೆ. ರಾಡ್ ಎಂಡ್‌ನಲ್ಲಿ ಒಳಗೆ ಗುಂಡು ಇರುವುದರಿಂದ ಎತ್ತ ಓರೆಯಾದರೂ ತಿರುಗಿಕೊಳ್ಳುತ್ತದೆ. ಅದಕ್ಕೇ ಈ ಕಿಟ್ ತರಿಸಿದೆ. 3,800 ರೂಪಾಯಿ. ಟ್ಯೂಬಿನ ತೂತು ತುಂಬಿಸಿ ಮತ್ತೆ ಕೊರೆಯಲು ಲೇತ್ ಅಂಗಡಿಯಲ್ಲಿ 900.

ಹಾಕಿದ ದಿನ ಪೆಡಲ್ ಒತ್ತಿ ನಗು ಬಂತು. ಒಂದೇ ಇಂಚಿಗೆ ಹಿಡಿತ. ರಾಡಿನ ಒಂದು ತುದಿಗೆ ಎಡ ಥ್ರೆಡ್, ಇನ್ನೊಂದಕ್ಕೆ ಬಲ ಥ್ರೆಡ್. ಬಿಚ್ಚದೆಯೇ ತಿರುಗಿಸಿ ಅಡ್ಜಸ್ಟ್ ಮಾಡಬಹುದು, ಎರಡು ಸ್ಪ್ಯಾನರ್ ಸಾಕು.

ಸಂತೋಷ ಎಂಟು ತಿಂಗಳು. ತಪ್ಪು ಅರ್ಧ ನನ್ನದೇ. ಕಿಟ್‌ನವರು ಧೂಳಿಗೆ ತಡೆಯೇ ಕೊಟ್ಟಿರಲಿಲ್ಲ, ನಾನು ಧಾರಾಳವಾಗಿ ಗ್ರೀಸ್ ಮೆತ್ತಿದ್ದೆ. ತೋರಣಗಲ್ಲು ದಾಟಿದ ಮೇಲೆ ಅದಿರು ಲಾರಿಗಳ ಹಿಂದೆ ಹೋಗಿ ನೋಡಿ, ಗೊತ್ತಾಗುತ್ತದೆ. ಆ ಕೆಂಪು ಧೂಳು ಗ್ರೀಸಿಗೆ ಅಂಟಿದರೆ ವಾಲ್ವ್ ತಿಕ್ಕುವ ಪೇಸ್ಟೇ ಸರಿ. ಫೋರ್ಕ್ ಕಡೆಯ ಜಾಯಿಂಟು ಲಡಲಡ ಅನ್ನತೊಡಗಿತು. ಅದನ್ನು ತೆಗೆದು ಒಳಗೆ ಟೆಫ್ಲಾನ್ ಲೈನರ್ (ನುಣುಪಾದ ಒಳಪದರ) ಇರುವುದು ಹಾಕಿದೆ. ಇದಕ್ಕೆ ಗ್ರೀಸ್ ಬೇಡ. ಮೇಲೆ ಸೈಕಲ್ ಟ್ಯೂಬ್ ಕತ್ತರಿಸಿ ಬೂಟು (ಧೂಳು ತಡೆಯುವ ಕವಚ) ಮಾಡಿದೆ. ಆಗಾಗ ಜೀನ್ಸ್ ಚಿಂದಿಯಲ್ಲಿ ಒರೆಸುತ್ತೇನೆ, ಜೀನ್ಸ್ ಹೊಲಿಯುವ ನಮ್ಮೂರಲ್ಲಿ ಅದಕ್ಕೇನು ಬರವೇ! ಆಮೇಲೆ ಇಲ್ಲಿಯವರೆಗೆ ತಂಟೆ ಇಲ್ಲ.

ಒಮ್ಮೆ ಲಾಕ್ ನಟ್ ಸಡಿಲವಾಗಿ ದಾರಿಯಲ್ಲೇ ಪೆಡಲ್ ಇಳಿದುಹೋಯಿತು. ಅಲ್ಲೇ ಬಿಗಿದುಕೊಂಡು ಮನೆಗೆ ಬಂದೆ. ಈಗ ನೈಲಾನ್ ಇರುವ ನಟ್ಟಿನ ಜೊತೆ, ಗುಂಡು ಕಳಚಿದರೂ ರಾಡು ಬೀಳದ ಹಾಗೆ ಹೊರಗೆ ದೊಡ್ಡ ವಾಷರ್ ಕೂಡ ಹಾಕಿದ್ದೇನೆ. ಇದು ಕಿಟ್‌ನಲ್ಲೇ ಇರಬೇಕಿತ್ತು ಅಲ್ವಾ?

ರಾಡಿನ ಬದಲು ಎಣ್ಣೆಯ ಒತ್ತಡದಲ್ಲಿ ನಡೆಯುವ ಹೈಡ್ರಾಲಿಕ್ ಮಾಡಿಸು ಅಂತ ಗೆಳೆಯರು ಹೇಳುತ್ತಲೇ ಇದ್ದಾರೆ. ಪೆಡಲ್ ಹಗುರ ಆಗುತ್ತದೆ, ನಿಜ. ಆದರೆ ಸೀಲು ಹೋದರೆ ಸಂಡೂರಿನ ಘಾಟಿಯಲ್ಲಿ ನಾನು ಏನು ಮಾಡಲಿ? ರಾಡಾದರೆ ತಂತಿ ಕಟ್ಟಿಯಾದರೂ ಊರು ಸೇರಬಹುದು.

ಇನ್ನೊಂದು ಮಾತು. ಕಿಟ್ ಹಾಕಿದರೂ ಹೊರಡುವಾಗ ಗಾಡಿ ನಡುಗುತ್ತಿದ್ದರೆ ಇಂಜಿನ್ ಮೌಂಟಿಂಗ್ ರಬ್ಬರ್ ನೋಡಿ. ಹಳೇ ವಿಲ್ಲಿಸ್ ಜೀಪುಗಳಲ್ಲಿ ಇಂಜಿನ್ ಹಿಂದೆಮುಂದೆ ಜಗ್ಗದಂತೆ ಹಿಡಿಯುವ ಒಂದು ಸ್ಟೇ ಕೇಬಲ್ ಕೂಡ ಇರುತ್ತಿತ್ತು. ನನ್ನದರಲ್ಲಿ ಅದರ ಸುಳಿವೇ ಇರಲಿಲ್ಲ, ಯಾವ ಮಿಸ್ತ್ರಿ ಯಾವ ಕಾಲದಲ್ಲಿ ಬಿಚ್ಚಿ ಎಸೆದನೋ. ಒಂದು ಮಾಡಿಸಿ ಹಾಕಿದ ಮೇಲೆ ನಡುಕ ನಿಂತಿತು.

ಐದಕ್ಕೆ ಮೂರೂವರೆ ಕೊಡುತ್ತೇನೆ. ಧೂಳಿನ ಬೂಟು, ವಾಷರ್ ಸೇರಿಸಿ ಕೊಟ್ಟಿದ್ದರೆ ನಾಲ್ಕೂವರೆ. ಪೆಡಲ್ ಶಾಫ್ಟಿನ ಬುಷ್ ಮಾತ್ರ ಇನ್ನೂ ಕಿರುಗುಟ್ಟುತ್ತದೆ. ಅದು ಕಿಟ್‌ನಲ್ಲಿ ಬರಲಿಲ್ಲ, ಈ ದೀಪಾವಳಿಗೆ ಮಾಡಿಸಬೇಕು.